ಫೋನಿನೊಳಗಿನ ವ್ಯಾಯಾಮದ ಸಾಲಿ

ಮಕ್ಕಳಿಗೆ ಕಲಿಸುವವರ ಮರ್ಯಾದೆ ದಿನಕ್ಕೊಮ್ಮೆಯಾದರೂ ಹೋಗುತ್ತದೆ. ಫೋನಿನಲ್ಲಿ ಕಲಿಸಿದರೆ ಎರಡು ಸಲ. ವಿಜಯಪುರದ ಒಂದು ಫಿಜಿಯೋಥೆರಪಿ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ. ವಾರಕ್ಕೆರಡು ದಿನ ನನ್ನ ವಿದ್ಯಾರ್ಥಿಗಳು ವಿಡಿಯೋ ಕರೆ ಹಚ್ಚಿ, ಬಸ್ಸು ಹತ್ತಿ ಬರಲಾಗದ ಮಕ್ಕಳಿಗೆ ಕೈಕಾಲಿನ ವ್ಯಾಯಾಮ ಮಾಡಿಸುತ್ತಾರೆ. ನಾನು ಪಕ್ಕದಲ್ಲಿ ಕೂತು ಅವರ ತಪ್ಪುಗಳನ್ನು ಬರೆದುಕೊಳ್ಳುತ್ತೇನೆ. ಬೆರಗಾಗಿ ಬರೆಯುವುದನ್ನೇ ಮರೆತ ದಿನಗಳೇ ಹೆಚ್ಚು.

ಯಾವ ಕೈ?

ತಿಕೋಟಾದ ಆರು ವರ್ಷದ ಹುಡುಗಿ. ಹುಟ್ಟಿದಾಗಿನಿಂದ ಎಡಗೈಯಲ್ಲಿ ಬಲ ಕಡಿಮೆ. ನನ್ನ ವಿದ್ಯಾರ್ಥಿನಿ ತನ್ನ ಎಡಗೈ ಎತ್ತಿ, "ಹಿಂಗ ಮಾಡು" ಎಂದಳು. ಮಗು ಕನ್ನಡಿಯಲ್ಲಿ ನೋಡಿದಂತೆ ಬಲಗೈ ಎತ್ತಿತು.

"ಆ ಕೈ ಅಲ್ಲ, ಈ ಕೈ."

ಮತ್ತೆ ಬಲಗೈ. ವಿದ್ಯಾರ್ಥಿನಿ ಬೇರೆ ದಾರಿ ಕಾಣದೆ ತಿರುಗಿ ಕೂತು, ಬೆನ್ನು ತೋರಿಸುತ್ತಾ ಕೈ ಎತ್ತಿದಳು.

"ಅಕ್ಕಾ, ಸಿಟ್ಟ ಬಂತೇನ್ರಿ?" ಎಂದಿತು ಮಗು. ಆಮೇಲೆ ತಾನೇ ದಾರಿ ತೋರಿಸಿತು: "ಎಡಾ ಬಲಾ ನಂಗ ತಿಳ್ಯಂಗಿಲ್ರಿ. ಉಣ್ಣೂ ಕೈಯೋ, ತೊಳಕೊಳ್ಳೂ ಕೈಯೋ, ಅಷ್ಟ ಹೇಳ್ರಿ."

ವರ್ಷಗಟ್ಟಲೆ ಅಂಗರಚನೆ ಓದಿದ ನಮಗ್ಯಾರಿಗೂ ಇದು ಹೊಳೆದಿರಲಿಲ್ಲ. ಅಂದಿನಿಂದ ಅದೇ ರೂಢಿಯಾಯಿತು. ಎಷ್ಟರಮಟ್ಟಿಗೆ ಎಂದರೆ, ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಹಿರಿಯ ಪರೀಕ್ಷಕರ ಮುಂದೆ ಆ ವಿದ್ಯಾರ್ಥಿನಿ ಗಂಭೀರವಾಗಿ ಹೇಳಿದಳು: "ಸರ್, ರೋಗಿಯ ತೊಳಕೊಳ್ಳೋ ಕೈಯಲ್ಲಿ ಬಲ ಕಡಿಮೆ."

ಅಜ್ಜಿಯ ಹಿಟ್ಟು

ಬಬಲೇಶ್ವರದ ಒಂದು ಮಗುವಿನ ಮುಷ್ಟಿ ಬಿಚ್ಚುತ್ತಲೇ ಇರಲಿಲ್ಲ. ಸ್ಪಂಜು, ಚೆಂಡು, ಹಾಡು ಎಲ್ಲ ಮುಗಿದವು. ಹಿಂದೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅಜ್ಜಿ ಬಹಳ ಹೊತ್ತು ನಮ್ಮ ಪಾಡು ನೋಡಿದಳು. ಕೊನೆಗೆ ಬೆಚ್ಚಗಿನ ಜೋಳದ ಹಿಟ್ಟಿನ ಉಂಡೆಯೊಂದನ್ನು ಮೊಮ್ಮಗಳ ಮುಂದಿಟ್ಟು, "ಬಡಿ" ಎಂದಳು.

ಮಗು ಮುಷ್ಟಿಯಿಂದಲೇ ಗುದ್ದಿತು. ಹಿಟ್ಟು ಹರಡಿದಂತೆ ಒಂದು ಬೆರಳು ಬಿಚ್ಚಿತು. ಇನ್ನೊಂದು. ಆಮೇಲೆ ಐದೂ! ವಿದ್ಯಾರ್ಥಿನಿ ಖುಷಿ ತಾಳದೆ, ಪುಸ್ತಕದಲ್ಲಿ ಕಲಿತಂತೆ ಎಣಿಸತೊಡಗಿದಳು: "ಒಂದು, ಎರಡು, ಮೂರು..."

ಅಜ್ಜಿ ಫೋನಿಗೆ ಮುಖ ಹಚ್ಚಿ ಗದರಿದಳು: "ರೊಟ್ಟಿ ಬಡಿಯೂ ಮುಂದ ಎಣಸಬ್ಯಾಡ ಯವ್ವಾ, ಬರಕತ್ತ ಇರೂದಿಲ್ಲ!"

ನಮ್ಮ ದಾಖಲೆಯಲ್ಲಿ 'ಎಷ್ಟು ಸಲ' ಎಂಬ ಕಾಲಂ ಆ ಮಗುವಿನ ಹೆಸರಿನ ಮುಂದೆ ಇವತ್ತಿಗೂ ಖಾಲಿ.

ಜೈನಾಪುರದ ಹುಡುಗ

ಅವನಿಗೆ ಐದು ವರ್ಷ. ಎಂಟು ತಿಂಗಳಿಂದ ಮಂಚದ ಅಂಚು ಹಿಡಿದು ನಿಲ್ಲುತ್ತಿದ್ದ. ಕೈ ಮಾತ್ರ ಬಿಡುತ್ತಿರಲಿಲ್ಲ. ಅವನ ತಾಯಿ ಒಂದು ಕರೆಯನ್ನೂ ತಪ್ಪಿಸಿದವಳಲ್ಲ. ಅವತ್ತು ಒಬ್ಬ ನಾಚಿಕೆಯ ವಿದ್ಯಾರ್ಥಿ ಮೆಲ್ಲಗೆ ಹೇಳಿದ: "ತಮ್ಮಾ, ಕೈ ಬಿಡು. ಅವ್ವ ಬಾಜೂಕ ಅದಾಳ."

ಬಿಟ್ಟ. ನಿಂತ.

ವಿದ್ಯಾರ್ಥಿ ಎಣಿಸಿದ. ಹತ್ತು, ಇಪ್ಪತ್ತು, ನಲವತ್ತು. ಹುಡುಗ ಮಿಸುಕಾಡಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ. "ಮೇಡಂ, ಎಂಥಾ ಬ್ಯಾಲೆನ್ಸ್ ರೀ!" ಇಪ್ಪತ್ತು ವರ್ಷ ಈ ಕೆಲಸ ಮಾಡಿದ ನಾನು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದೆ. ಆಮೇಲೆ ನೋಡುತ್ತೇನೆ, ತಾಯಿಯ ಸೆರಗೂ ಗಾಳಿಯಲ್ಲೇ ನಿಂತಿದೆ! ನೆಟ್‌ವರ್ಕ್ ಹೋಗಿ ಚಿತ್ರ ಅಲ್ಲೇ ಸಿಕ್ಕಿಕೊಂಡಿತ್ತು.

ನೆಟ್‌ವರ್ಕ್ ಬಂದಾಗ ಪರದೆಯ ತುಂಬ ಒಂದು ಮೂಗು.

"ಸರ್, ನೀವ್ಯಾಕ ಅಲ್ಲಾಡವಲ್ರಿ?"

ಅವರ ಫೋನಿನಲ್ಲಿ ನಾವೂ ಬಾಯಿ ತೆರೆದು ನಿಂತುಬಿಟ್ಟಿದ್ದೆವು. ನಮಗೇನಾಯಿತೋ ಎಂದು ನೋಡಲು ಹುಡುಗ ಮಂಚ ಬಿಟ್ಟು, ಕಿಟಕಿಯಲ್ಲಿಟ್ಟ ಫೋನಿನವರೆಗೂ ಬಂದಿದ್ದ. ಹಿಂದೆ ತಾಯಿ ಅಳುತ್ತಾ ನಗುತ್ತಿದ್ದಳು: "ನಾಕ ಹೆಜ್ಜಿರಿ ಮೇಡಂ! ಯಾರೂ ಹಿಡದಿಲ್ರಿ, ಒಬ್ಬನ ನಡದು ಬಂದಾನ್ರಿ!"

ಎಂಟು ತಿಂಗಳು ಕಾದ ಹೆಜ್ಜೆಗಳು. ನಾವು ಯಾರೂ ನೋಡಲಿಲ್ಲ. ವಿದ್ಯಾರ್ಥಿ ಕೈಮುಗಿದು ಬೇಡಿಕೊಂಡ: "ತಮ್ಮಾ, ಮಂಚದ ಹಂತ್ಯಾಕ ಹೋಗಿ ಇನ್ನೊಮ್ಮೆ ನಡಕೋತ ಬಾರಪ್ಪಾ."

ಹುಡುಗ ನಮ್ಮೆಲ್ಲರನ್ನೂ ಒಮ್ಮೆ ದಿಟ್ಟಿಸಿ ನೋಡಿದ.

"ಈಗ ಅಲ್ಲಾಡಾಕತ್ತೀರಲ್ರಿ. ಮತ್ಯಾಕ ಬರ್ಲಿ?"