ಬಾಗಿಲವರೆಗೆ ಬರುವ ಭಾವ

ನನ್ನ ಭಾವನಷ್ಟು ಅಪಶಕುನ ನುಡಿಯುವ ಮನುಷ್ಯ ಬೈಂದೂರಿನಿಂದ ಬ್ರಹ್ಮಾವರದವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ. ಭಾವ ಎಂದರೆ ನನ್ನ ಗಂಡನ ಅಣ್ಣ. ಮದುವೆಯಾಗದೆ ಯಡ್ತರೆಯ ನಮ್ಮ ಮನೆಯಲ್ಲೇ ಇದ್ದವರು, ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದವರು. ನನ್ನ ಮದುವೆಯ ದಿನ, ಧಾರೆಗೆ ಮುಂಚೆ, ಅವರು ನನ್ನ ಅಪ್ಪನಿಗೆ ಹೇಳಿದ ಮೊದಲ ಮಾತು, "ಮಳಿ ಬತ್ತ್. ಬರ್ದಿದ್ರೆ ಸಾರ್ ಸಾಕಾತಿಲ್ಲ." ಮಳೆಯೂ ಬಂತು, ಸಾರೂ ಸಾಲಲಿಲ್ಲ!

ಇಂಥವರಿಗೆ ಹವ್ಯಾಸ ಅಂತ ಇದ್ದದ್ದು ಒಂದೇ. ಓದಿದವರೇ ಇಲ್ಲದ ಮನೆಗಳಿಂದ ಬಂದ ಒಬ್ಬೊಬ್ಬ ವಿದ್ಯಾರ್ಥಿಯನ್ನು ಹಿಡಿದು ತಂದು, ಅವರ ಕೈಯಲ್ಲಿ ಏನಾದರೊಂದು ಸಂಶೋಧನೆ ಮಾಡಿಸಿ, ದೂರದೂರಿನ ವಿಜ್ಞಾನ ಸಮ್ಮೇಳನಕ್ಕೆ ಕರೆದುಕೊಂಡು ಹೋಗುವುದು. ಉಳಿದವರು ರಜೆಯಲ್ಲಿ ಧರ್ಮಸ್ಥಳಕ್ಕೆ ಹೋಗುತ್ತಾರಪ್ಪ, ಇವರು ಸಮ್ಮೇಳನಕ್ಕೆ ಹೋಗುತ್ತಿದ್ದರು. ಅದೂ ಮುಖ ಬಾಡಿಸಿಕೊಂಡು, ಯಾರದೋ ತಿಥಿಗೆ, ಬೊಜ್ಜಕ್ಕೆ ಹೊರಟವರ ಹಾಗೆ.

ಮೊದಲು ಹೋದವನು ಬೋಟಿನಲ್ಲಿ ದುಡಿಯುವವರ ಮಗ. ಕೊಂಕಣ ರೈಲು ಬಂದ ಹೊಸದು. ರೈಲು ತಪ್ಪಿಯೇ ತಪ್ಪುತ್ತದೆ ಎಂದು ಭಾವ ಆ ಹುಡುಗನನ್ನು ನಾಲ್ಕು ಗಂಟೆ ಮೊದಲೇ ಬೈಂದೂರು ಸ್ಟೇಷನ್ನಿನಲ್ಲಿ ಕೂರಿಸಿದ್ದರು. ರೈಲು ತಪ್ಪಲಿಲ್ಲ, ಹುಡುಗ ತಪ್ಪಿಸಿಕೊಂಡ. ಸಮ್ಮೇಳನದಲ್ಲಿ ಅವನ ಹೆಸರು ಕೂಗುವ ಹೊತ್ತಿಗೆ ಆಸಾಮಿ ವಾಪಸು ರೈಲಿಗೆ ಕಾಯುತ್ತ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದನಂತೆ. ಯಾಕೋ ಎಂದರೆ, "ಅಲ್ಲಿ ನೆಗಾಡುದೂ ಇಂಗ್ಲೀಷಲ್ಲೇ ಮಾಡ್ತ್ರ್ ಸರ್" ಎಂದನಂತೆ. ನಾವೆಲ್ಲ ಈ ಮಾತು ಹೇಳಿಕೊಂಡು ವಾರವಿಡೀ ನಕ್ಕೆವು. ಭಾವ ನಗಲಿಲ್ಲ. ಹುಡುಗ ಪರೀಕ್ಷೆಯನ್ನೂ ಬಿಟ್ಟು ಬೋಟಿಗೆ ಸೇರಿದ ಮೇಲೆ ನಾನೂ ನಗುವುದು ಬಿಟ್ಟೆ.

ಆಮೇಲೆ ಸಿಕ್ಕವಳು ಗುಲಾಬಿ. ಕೊಕ್ಕರ್ಣೆ ಕಡೆಯ ಕೊರಗರ ಕಾಲನಿಯವಳು, ಡಿಗ್ರಿಯಲ್ಲಿ ಭಾವನ ಶಿಷ್ಯೆ. ಅಲ್ಲಿಂದ ಎಂ.ಎಸ್ಸಿ.ಗೆ ಹೋದವಳು ಅವಳೊಬ್ಬಳೇ. ಬುಟ್ಟಿ ಹೆಣೆಯುವ ಕಾಡುಬಳ್ಳಿ ನಮ್ಮ ಹಾಡಿಗಳಲ್ಲಿ, ಎಂದರೆ ಊರಂಚಿನ ಕುರುಚಲು ಕಾಡುಗಳಲ್ಲಿ, ಎಷ್ಟು ಉಳಿದಿದೆ, ಕಡಿದರೆ ಮತ್ತೆ ಎಷ್ಟು ಚಿಗುರುತ್ತದೆ ಎಂದು ಎರಡು ವರ್ಷ ಅಳೆದು ಬರೆದಿಟ್ಟಿದ್ದಳು. ಗೋವೆಯ ಸಮ್ಮೇಳನದಿಂದ ಬರಹೇಳಿ ಕಾಗದ ಬಂತು. ಭಾವ ಅದನ್ನು ಹಿಡಿದುಕೊಂಡು ಅವಳ ಮನೆಗೆ ಹೋದರು, ನನ್ನನ್ನೂ ಕರೆದುಕೊಂಡು.

ಅವಳ ಅಮ್ಮ ಕಾಗದವನ್ನು ಮುಟ್ಟಲೇ ಇಲ್ಲ. "ಗಂಡ್ ಎಲ್ಲಿಯವ ಮಾಷ್ಟ್ರೆ? ಎಂತ ಕೆಲ್ಸ?" ಎಂದು ಕೇಳಿದಳು.

"ಗಂಡ್ ಇಲ್ಲ. ಬಳ್ಳಿ ವಿಷ್ಯ ಮಾತಾಡುಕೆ ಹೋಪುದ್."

ಅಲ್ಲೇ ಬುಟ್ಟಿ ಹೆಣೆಯುತ್ತಿದ್ದ ಅಪ್ಪ ತಲೆ ಎತ್ತಿದ. "ಬಳ್ಳಿ ವಿಷ್ಯ ಕೇಂಬುಕೆ ಗೋವೆಗ್ ಯಾಕ್ ಹೋಯ್ಕ್? ಇಲ್ಲೇ ಕೂಕಣಿ, ನಾ ಹೇಳ್ತೆ."

ಹೇಳಿಯೂ ಹೇಳಿದ, ಸಂಜೆಯವರೆಗೆ! ಬುಡ ಬಿಟ್ಟು ಕಡಿಯಬೇಕು, ಮೂರು ಬಳ್ಳಿ ಇದ್ದಲ್ಲಿ ಒಂದನ್ನೇ ಕಡಿಯಬೇಕು, ಕಡಿದ ಹಾಡಿಗೆ ಮತ್ತೆರಡು ವರ್ಷ ಹೋಗಬಾರದು. ಗುಲಾಬಿಯ ಲೆಕ್ಕವೂ ಅದನ್ನೇ ಹೇಳುತ್ತಿತ್ತು. ಕೊನೆಗೆ ಅಮ್ಮ ಒಂದು ಷರತ್ತಿನ ಮೇಲೆ ಒಪ್ಪಿದಳು. "ಈ ಅಮ್ಮ ಒಟ್ಟಿಗ್ ಬಪ್ಪುದಾರೆ ಕಳ್ಸ್ತೆ." ಈ ಅಮ್ಮ ಎಂದರೆ ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಹೀಗೆ ವಿಜ್ಞಾನಿಗಳ ಸಮ್ಮೇಳನಕ್ಕೆ ಹೊರಟೆ.

ಅದಕ್ಕೆ ಮುಂಚೆ ನನ್ನ ಅಡುಗೆಮನೆಯಲ್ಲಿ ಒಂದು ತಿಂಗಳು ತಾಲೀಮು. ನಾನು ಬೂತಾಯಿ ಮೀನು ಹೆಚ್ಚುತ್ತ ಪ್ರೊಫೆಸರ್ ಆಗಿ ಕೂತಿರಬೇಕು, ಗುಲಾಬಿ ನನ್ನೆದುರು ನಿಂತು ಹೇಳಬೇಕು. ಒಂದು ದಿನ ಬೇಸತ್ತು, "ಈ ಬಳ್ಳಿ ಸತ್ರೆ ಯಾರಿಗ್ ಎಂತ ಆತ್ತ್?" ಎಂದುಬಿಟ್ಟೆ. ನನಗೆ ಅನ್ನಕ್ಕೆ ತಡವಾಗುತ್ತಿತ್ತು. ಭಾವನ ಮುಖ ಅರಳಿದ್ದನ್ನು ನಾನು ನೋಡಿದ್ದು ಅವತ್ತೇ. "ಅದೇ! ಅಲ್ಲಿ ಇದನ್ನೇ ಕೇಂತ್ರ್. ಇದೇ ಮೋರಿ ಮಾಡ್ಕಂಡ್ ಕೇಂತ್ರ್. ಇನ್ನೊಂದ್ಸಲ ಕೇಣ್." ತಿಂಗಳು ಮುಗಿಯುವವರೆಗೆ ಮುಖ ಗಂಟು ಹಾಕಿಕೊಂಡು ಅದನ್ನೇ ಕೇಳಿದೆ. ಗಂಟು ಕಾಯಂ ಆಗಿಬಿಟ್ಟಿದೆ ಎಂದು ನನ್ನ ಗಂಡ ಈಗಲೂ ಹೇಳುತ್ತಾರೆ.

ಉಳಿದದ್ದು ಪೋಸ್ಟರ್. ಗೋಡೆಗೆ ತೂಗಹಾಕಿ ಅದರ ಪಕ್ಕದಲ್ಲಿ ನಿಂತು ವಿವರಿಸಬೇಕಂತೆ. ಆಗ ನಮ್ಮ ಕಡೆ ಫ್ಲೆಕ್ಸ್ ಇನ್ನೂ ಬಂದಿರಲಿಲ್ಲ. ದೊಡ್ಡ ಅಕ್ಷರ ಬರೆಯುವವನು ಎಂದರೆ ಬೋಟಿಗೆ ಹೆಸರು ಬರೆಯುವ ಪೇಂಟರ್ ಒಬ್ಬನೇ. ಭಾವ ಅವನಿಗೆ ಬಿಳಿ ಬಟ್ಟೆ ಕೊಟ್ಟು, ಗುಲಾಬಿಯ ಕೋಷ್ಟಕ, ಚಿತ್ರ ಎಲ್ಲ ಕೊಟ್ಟು ಬಂದರು. ಹೊರಡುವ ಹಿಂದಿನ ದಿನ ಅವನು ತಂದು ತೋರಿಸಿದ. ಅಕ್ಷರ ಮುತ್ತಿನಂತಿತ್ತು, ಬಳ್ಳಿಗಳು ಜೀವಂತ ಇದ್ದವು. ಆದರೆ ನೆತ್ತಿಯಲ್ಲಿ ಕೆಂಪು ಬಣ್ಣದಲ್ಲಿ 'ಶ್ರೀ ದೇವಿ ಪ್ರಸನ್ನ', ಎಡಬಲದಲ್ಲಿ ಎದುರುಬದುರಾಗಿ ಒಂದೊಂದು ಅಂಜಲ್ ಮೀನು!

"ಮೀನ್ ಬರೀರಿ ಅಂತ ಯಾರ್ ಹೇಳ್ದ್ರ್?" ಭಾವ ಕೇಳಿದರು.

"ಅದ್ ಹೇಳುದ್ ಎಂತಕೆ? ದೇವ್ರ್ ಇಲ್ದೆ, ಮೀನ್ ಇಲ್ದೆ ನಾ ಇಷ್ಟರ್ ತನ್ಕ ಬರೀಲಿಲ್ಲೆ" ಎಂದ ಪೇಂಟರ್, ನಾವೇ ಏನೋ ತಪ್ಪು ಕೇಳಿದ ಹಾಗೆ.

ಬೇರೆ ಬರೆಸಲು ಹೊತ್ತಿರಲಿಲ್ಲ. ಬಣ್ಣ ಇನ್ನೂ ಹಸಿ, ಮಡಚುವ ಹಾಗೂ ಇಲ್ಲ. ಎರಡು ಬಿದಿರಿಗೆ ಕಟ್ಟಿ ಭಾವ ಮುಂದೆ, ನಾನು ಹಿಂದೆ ಹೊತ್ತುಕೊಂಡು ಸ್ಟೇಷನ್ನಿಗೆ ನಡೆದೆವು. ದಾರಿಯಲ್ಲಿ ಒಬ್ಬ ಮುದುಕ ಚಪ್ಪಲಿ ಬಿಟ್ಟು ಕೈಮುಗಿದು ನಿಂತ. ಯಾರು ಹೋದರು ಎಂದು ಅವನು ಕೇಳಿದ್ದಕ್ಕೆ ಭಾವ, "ಇನ್ನೂ ಹೋಯ್ಲಿಲ್ಲ, ನಾಳಿಗ್ ಗೊತ್ತಾತ್ತ್" ಎಂದರು.

ರೈಲಿನಲ್ಲಿ, ಗುಲಾಬಿಗೆ ಕೇಳಿಸದ ಹಾಗೆ, ನನಗೆ ಹೇಳಿದರು: "ಇವ್ಳೂ ಓಡಿ ಬಂದ್ರೆ ನಾ ಇನ್ ಯಾರ್ನೂ ಕರ್ಕಂಡ್ ಹೋತಿಲ್ಲೆ. ಮಕ್ಕಳನ್ನ್ ನಾನೇ ಹಾಳ್ ಮಾಡಿದ್ ಸಾಕ್." ಬೋಟಿಗೆ ಸೇರಿದ ಹುಡುಗ ಅವರ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿದ್ದಾನೆ ಎಂದು ನನಗೆ ಗೊತ್ತಾದದ್ದು ಆಗ. ನನಗೂ ಭಯ ಹತ್ತಿತು.

ಸಮ್ಮೇಳನದ ಕಟ್ಟಡದ ಬಾಗಿಲಲ್ಲಿ ಗುಲಾಬಿಗೆ ಅವಳ ಹೆಸರು ಬರೆದ ಬಿಲ್ಲೆಯೊಂದನ್ನು ಕೊರಳಿಗೆ ಹಾಕಿದರು. ಜೊತೆಗೆ ಬಂದ ಹೆಂಗಸೆಂದು ನನ್ನನ್ನೂ ಬಿಟ್ಟರು. ಭಾವ ಮೆಟ್ಟಿಲ ಹತ್ತಿರವೇ ನಿಂತುಬಿಟ್ಟರು. "ನೀವ್ ಹೋಯ್ನಿ. ನಾ ಇಲ್ಲೇ ಇರ್ತೆ" ಎಂದು ಗೋಣಿಮರದ ಕಟ್ಟೆಯಲ್ಲಿ ಕೂತರು.

ಒಳಗೆ ನಮ್ಮ ಪೋಸ್ಟರಿಗೆ ಸಿಕ್ಕಿದ್ದು ಕೊನೆಯ ಮೂಲೆ. ಎಲ್ಲರದೂ ಮೆಷಿನ್ನಿನಲ್ಲಿ ಅಚ್ಚಾದ ನುಣ್ಣನೆಯ ಕಾಗದ, ನಮ್ಮದೊಂದು ಬೋಟು. ಬಂದವರು ನೋಡುತ್ತಾರೆ, ಮುಸಿಮುಸಿ ನಗುತ್ತಾರೆ, ಮುಂದೆ ಹೋಗುತ್ತಾರೆ. ಒಬ್ಬಳು ಗುಲಾಬಿಯ ಊರು ಕೇಳಿದಳು, ಅಪ್ಪನ ಕೆಲಸ ಕೇಳಿದಳು, ಬಳ್ಳಿಯ ವಿಷಯ ಮಾತ್ರ ಕೇಳಲಿಲ್ಲ. ಎರಡು ಗಂಟೆ ಹೀಗೇ ಕಳೆಯಿತು. ಗುಲಾಬಿ ಬಾಗಿಲನ್ನು ನೋಡತೊಡಗಿದಳು. ನಾನು ಅವಳ ಕೈ ಹಿಡಿದುಕೊಂಡೆ. ಓಡಬೇಡ ಅಂತಲೋ, ನಾನೂ ಬರುತ್ತೇನೆ ಅಂತಲೋ, ನನಗೇ ಗೊತ್ತಿಲ್ಲ.

ಅಷ್ಟರಲ್ಲಿ ಒಬ್ಬ ಹಿರಿಯ ಪ್ರೊಫೆಸರ್ ನಾಲ್ಕು ಜನರನ್ನು ಹಿಂದಿಟ್ಟುಕೊಂಡು ಬಂದರು. ಅವರಿಗೆ ಕನ್ನಡ ಬರುತ್ತಿತ್ತು. "ಬಳ್ಳಿಗೂ ಮೀನಿಗೂ ಏನಮ್ಮ ಸಂಬಂಧ?" ಎಂದರು. ಹಿಂದಿದ್ದವರು ನಗಲು ಸಿದ್ಧರಾದರು.

ಗುಲಾಬಿ ನನ್ನ ಕೈ ಬಿಟ್ಟಳು. "ಮೀನು ಹೊರುವ ಬುಟ್ಟಿ ಇದೇ ಬಳ್ಳಿದು ಸರ್. ಈಗ ಪ್ಲಾಸ್ಟಿಕ್ ಕ್ರೇಟ್ ಬಂತು, ಬುಟ್ಟಿ ಯಾರಿಗೂ ಬೇಡ. ಹಾಡಿಗೆ ಅಕೇಶಿಯಾ ಬಂತು, ಬಳ್ಳಿಯೂ ಇಲ್ಲ. ಬುಟ್ಟಿಗೆ ಕಡಿದದ್ದರಿಂದ ಬಳ್ಳಿ ಸತ್ತದ್ದಲ್ಲ. ನಮ್ಮವರು ಕಡಿದಲ್ಲಿ ಅದು ಚಿಗುರಿದೆ, ನಾನು ಅಳೆದಿದ್ದೇನೆ." ಆಮೇಲೆ ಅಂಕಿಅಂಶ ಶುರುವಾಯಿತು. ಅರ್ಧ ಕನ್ನಡ, ಅರ್ಧ ಇಂಗ್ಲೀಷು. ಯಾರೂ ನಗಲಿಲ್ಲ. ಪ್ರೊಫೆಸರ್ ಕನ್ನಡಕ ಹಾಕಿಕೊಂಡು ಕೋಷ್ಟಕಕ್ಕೆ ಬಗ್ಗಿದರು. ಹಿಂದಿದ್ದವರೂ ಬಗ್ಗಿದರು.

ನಾನು ಸುದ್ದಿ ಹೇಳಲು ಹೊರಗೆ ಓಡಿದೆ. "ಭಾವ, ಹೆಣ್ಣ್ ಮಾತಾಡ್ತ್! ಜನ ಸೇರಿರ್. ಒಳ್ಗ್ ಬನ್ನಿ."

ಅವರು ಏಳಲಿಲ್ಲ. ಕೂತಲ್ಲಿಂದಲೇ ಹೇಳಿದರು. ಹುಡುಗನಾಗಿದ್ದಾಗ ಅವರದೂ ಒಂದು ಸಂಶೋಧನೆ ಹೀಗೇ ಆಯ್ಕೆಯಾಗಿತ್ತಂತೆ. ಪಂಚೆ ಉಟ್ಟು ಒಬ್ಬರೇ ಹೋಗಿದ್ದರಂತೆ. ಬಾಗಿಲಲ್ಲಿದ್ದವನು ಇವರನ್ನು ನೋಡಿ, ಕುರ್ಚಿ ಹೊರಲು ಬಂದವನೆಂದುಕೊಂಡು, ಬೇಗ ಹೊರು ಎಂದನಂತೆ.

"ಅಲ್ಲ ಅಂತ ಹೇಳುಕೆ ಬಾಯಿ ಬರ್ಲಿಲ್ಲ. ಹೊತ್ತೆ. ಮಧ್ಯಾಹ್ನದ್ ತನ್ಕ ಹೊತ್ತೆ. ನನ್ನ ಹೆಸ್ರ್ ಕೂಗಿದ್ದ್ ಕೇಂತು, ಆಗ ಕೈಯಲ್ಲ್ ಕುರ್ಚಿ ಇತ್ತ್."

ಇಷ್ಟು ವರ್ಷ ಈ ಮನುಷ್ಯನ ಸಪ್ಪೆ ಮುಖವನ್ನು ಆಡಿಕೊಂಡು ನಕ್ಕಿದ್ದೇನಲ್ಲ ಎಂದು ನಾಚಿಕೆಯಾಯಿತು. ತಿರುಗಿ ನೋಡಿದರೆ ಗುಲಾಬಿ ಹಿಂದೆಯೇ ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಸರ್, ಒಳ್ಗೆ ನಿಮ್ಮನ್ನ್ ಕೇಂತ್ರ್. ಬನ್ನಿ."

"ನನ್ನ ಹೆಸ್ರ್ ಇಲ್ಲ ಹೆಣ್ಣೆ ಅಲ್ಲಿ. ನಾ ಬತ್ತಿಲ್ಲೆ."

ಅವಳು ತನ್ನ ಕೊರಳಿನ ಬಿಲ್ಲೆ ತೆಗೆದು, ಹಾರ ಹಾಕುವ ಹಾಗೆ ಅವರ ಕೊರಳಿಗೆ ಹಾಕಿದಳು. ಬಿಳಿ ಮೀಸೆಯ ನನ್ನ ಭಾವ ಎದೆಯ ಮೇಲೆ 'ಕುಮಾರಿ ಗುಲಾಬಿ' ಎಂಬ ಹೆಸರು ಹೊತ್ತು, ಅವಳ ಕೈ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿದರು. ಬಾಗಿಲಲ್ಲಿದ್ದವನು ಬಿಲ್ಲೆಯನ್ನು ಓದಿದ, ಅವರ ಮುಖವನ್ನು ನೋಡಿದ. ಆಮೇಲೆ ಪಕ್ಕಕ್ಕೆ ಸರಿದು, "ಬನ್ನಿ ಸರ್" ಎಂದ.