ಬಾವಿಗೆ ಇಳಿದ ಕಾನೂನು

ಪರರ ಊರಿನ ಪಂಚಾಯತಿಗೆ ಬುದ್ಧಿ ಹೇಳುವಷ್ಟು ಸುಖದ ಕೆಲಸ ಇನ್ನೊಂದಿಲ್ಲ. ಇಪ್ಪತ್ತು ವರ್ಷ ನಾನು ಹೊಟ್ಟೆ ಹೊರೆದದ್ದೇ ಅದರಲ್ಲಿ. ಕಾನೂನು ಕಾಲೇಜಿನಲ್ಲಿ ಪಂಚಾಯತ್ ರಾಜ್ ಕಾಯ್ದೆ ಪಾಠ ಮಾಡಿದೆ, ತಲೆದಿಂಬಿನಷ್ಟು ದಪ್ಪದ ಪುಸ್ತಕ ಬರೆದೆ, ಉಪ್ಪುಂದದವರೆಗೆ ಬಸ್ಸು ಹತ್ತಿ ಹೋಗಿ ಅಲ್ಲಿನ ಸದಸ್ಯರಿಗೆ ಅವರ ಅಧಿಕಾರವೇನೆಂದು ತಿಳಿಸಿಕೊಟ್ಟೆ. ಬಾರ್ಕೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಪಂಚಾಯತ್ ಕಚೇರಿ ಯಾವ ದಿಕ್ಕಿಗಿದೆ ಎಂಬುದನ್ನು ಮಾತ್ರ ಹೆಂಡತಿಯನ್ನು ಕೇಳಬೇಕಿತ್ತು.

ಆ ಮಳೆಗಾಲ ಓಣಿಯ ಕೊಳಕು ನೀರೆಲ್ಲ ನೇರ ನಮ್ಮ ಬಾವಿಗೆ ಇಳಿಯಿತು. ಚರಂಡಿ ಬೇಕೆಂದು ನಾನು ಹನ್ನೊಂದು ಪುಟದ ಅರ್ಜಿ ಬರೆದೆ. ಸಂವಿಧಾನದಿಂದ ಹೊರಟವನು ಒಂಬತ್ತನೆಯ ಪುಟದಲ್ಲಿ ಚರಂಡಿಗೆ ತಲುಪಿದ್ದೆ.

"ಹ್ವಾಯ್, ನಿಮ್ಮ್ ಕಾನೂನ್ ಕುಡುಕಾತ್ತಾ?" ಎಂದಳು ಹೆಂಡತಿ, ಕುಡಿಯುವ ನೀರಿನ ಖಾಲಿ ಕೊಡ ತೋರಿಸುತ್ತ.

ಅರ್ಜಿ ಕೊಟ್ಟ ಮೂರನೆಯ ದಿನ ವಾರ್ಡ್ ಸದಸ್ಯೆ ಗಿರಿಜಕ್ಕ ಬಂದರು. ನಮ್ಮ ಓಣಿಯ ಮೇಲಿನ ತುದಿಯ ಮನೆಯವರು. ಬೆಳಿಗ್ಗೆ ಮೀನು ಮಾರಿ, ಮಧ್ಯಾಹ್ನ ಪಂಚಾಯತಿಗೆ ಹೋಗುವವರು. ಕೈಯಲ್ಲಿ ಹಳೆಯ ಫೈಲಿತ್ತು.

"ಮಾಷ್ಟ್ರೇ, ನಿಮ್ಮ್ ಅರ್ಜಿ ಆಪುದಿಲ್ಲೆ. ಹಿಂದೆ ನಾನೂ ಇದೇ ಓಣಿಗ್ ಚರಂಡಿ ಬೇಕಂದೇಳಿ ಅರ್ಜಿ ಕೊಟ್ಟಿದ್ದೆ. ಆಗ ಯಾರೋ ದೊಡ್ಡ ಪಂಡಿತ್ರ ಅಭಿಪ್ರಾಯ ಕೇಂಡಿದ್ರ್. ಕಾಣಿ."

ಕಂಡೆ. ಇಂಥ ಸರ್ವೆ ನಂಬರಿನ ಓಣಿ ಖಾಸಗಿ, ಪಂಚಾಯತ್ ಅಲ್ಲಿ ಒಂದು ಕಲ್ಲನ್ನೂ ಹಾಕುವಂತಿಲ್ಲ ಎಂದಿತ್ತು. ಕೆಳಗೆ ನನ್ನದೇ ಸಹಿ! ತಾಲೂಕು ಕಚೇರಿಯ ಮೂಲಕ ಕಾಗದ ಬಂದಾಗ ಕಾಯ್ದೆಯ ಸೆಕ್ಷನ್ನುಗಳನ್ನು ಹುಡುಕಿದ್ದೆನೇ ಹೊರತು, ಆ ಸರ್ವೆ ನಂಬರು ಎಲ್ಲಿಯದೆಂದು ವಿಚಾರಿಸಿರಲಿಲ್ಲ. ನೋಡಲು ಕಿಟಕಿ ತೆರೆದರೆ ಸಾಕಿತ್ತು.

"ಕಡಿಕೆ ನಮ್ಮನಿ ಬದಿಗ್ ನಾನೇ ಚರಂಡಿ ಕಡ್ಕಂಡೆ. ಆ ನೀರೇ ಈಗ ನಿಮ್ಮ್ ಬಾವಿಗ್ ಬಪ್ಪುದ್," ಎಂದರು ಗಿರಿಜಕ್ಕ, ಸ್ವಲ್ಪವೂ ಸಿಟ್ಟಿಲ್ಲದೆ. "ಆ ಅಭಿಪ್ರಾಯ ತಪ್ಪ್ ಅಂದೇಳಿ ಒಂದ್ ಸಾಲ್ ಬರ್ದ್ ಕೊಡಿ ಮಾಷ್ಟ್ರೇ, ಬಪ್ಪ ವಾರವೇ ಚರಂಡಿ ಮಾಡ್ಸ್ತೆ."

ಪೆನ್ನು ತೆಗೆದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬರೆಯುವ ಮುಂಚೆ ಆ ಹಳೆಯ ಅಭಿಪ್ರಾಯವನ್ನು ಇನ್ನೊಮ್ಮೆ ಓದಿಕೊಂಡೆ, ಕೆಟ್ಟದ್ದೇ ಅಲ್ಲಿ. ಏನು ವಾದ ಅದು! ಸೂಜಿ ತೂರಿಸಲು ಸಂದಿಲ್ಲ. ಮೆಚ್ಚಿಕೊಂಡು ಅದನ್ನೇ ನನ್ನ ಪುಸ್ತಕದ ಏಳನೆಯ ಅಧ್ಯಾಯದಲ್ಲಿ ಬೇರೆ ಹಾಕಿದ್ದೆ. ಕೆಟ್ಟ ಬಾವಿಗಾದರೆ ಬ್ಲೀಚಿಂಗ್ ಪುಡಿ ಹಾಕಬಹುದು, ಅಚ್ಚಾದ ಅಧ್ಯಾಯಕ್ಕೆ ಏನು ಹಾಕುವುದು? ಪೆನ್ನನ್ನು ಮುಚ್ಚಿ ಜೇಬಿಗೆ ಸಿಕ್ಕಿಸಿಕೊಂಡೆ.

ಈಗ ದಿನಾ ಬೆಳಿಗ್ಗೆ ಗಿರಿಜಕ್ಕನ ಬಾವಿಯಿಂದ ನೀರಿನ ಕೊಡ ಹೊತ್ತು ತರುವವನು ನಾನೇ. ಹೆಂಡತಿಯ ತೀರ್ಪು ಅದು, ಮೇಲ್ಮನವಿಗೆ ಅವಕಾಶವಿಲ್ಲ. ಓಣಿ ಖಾಸಗಿಯಾದ್ದರಿಂದ ನೋಡುವವರು ಕಡಿಮೆ, ಅದೊಂದೇ ಸಮಾಧಾನ.