ಕೊಠಡಿ ಸಂಖ್ಯೆ 14ರಲ್ಲಿ ಉಸಿರು ಬಿಡುವ ಬಗ್ಗೆ

ಪರಿಸರ ವಿಜ್ಞಾನ ಅಧ್ಯಯನ ವಿಭಾಗ
ಸಂಖ್ಯೆ: ಪವಿ/ಉಸಿರು/14/ಪರಿಷ್ಕೃತ

ಸುತ್ತೋಲೆ

ವಿಷಯ: ಕೊಠಡಿ ಸಂಖ್ಯೆ 14ರಲ್ಲಿ ಮಧ್ಯಾಹ್ನದ ತರಗತಿಯ ಅವಧಿಯಲ್ಲಿ ವಿದ್ಯಾರ್ಥಿಗಳು ಉಸಿರು ಬಿಡುತ್ತಿರುವುದನ್ನು ನಿಯಂತ್ರಿಸುವ ಕುರಿತು.

ಉಲ್ಲೇಖ:
1. ತರಗತಿಯಲ್ಲಿ ನಿದ್ರೆಯ ಬಗ್ಗೆ ಈ ವಿಭಾಗವು ನೀಡಿದ ಜ್ಞಾಪನ.
2. ಅದಕ್ಕೆ ವಾಯು ಮಾಲಿನ್ಯ ವಿಷಯದ ಅಧ್ಯಾಪಕರ ಉತ್ತರ (ಎರಡು ಸಾಲು).
3. ಕ್ರಮಸಂಖ್ಯೆ 27ರ ವಿದ್ಯಾರ್ಥಿನಿಯ ಹೇಳಿಕೆ (ಹದಿನಾರು ಪುಟ, ನಕ್ಷೆಗಳ ಸಹಿತ).
4. ಸದರಿ ಕೊಠಡಿಯ ಕಿಟಕಿಗಳು (ನಾಲ್ಕು).

ಪ್ರಸ್ತಾವನೆ:

ಕೊಠಡಿ 14ರಲ್ಲಿ ಪ್ರತಿದಿನ ಮಧ್ಯಾಹ್ನ ಎರಡೂವರೆಗೆ ನಡೆಯುವ ವಾಯು ಮಾಲಿನ್ಯ ತರಗತಿಯಲ್ಲಿ, ಮೂರನೇ ಸೆಮಿಸ್ಟರಿನ ಅರವತ್ತೆರಡು ವಿದ್ಯಾರ್ಥಿಗಳ ಪೈಕಿ ಸರಾಸರಿ ಐವತ್ತೊಂದು ಮಂದಿ ನಿದ್ರಿಸುತ್ತಿರುವುದು ವಿಭಾಗದ ಗಮನಕ್ಕೆ ಬಂದಿರುತ್ತದೆ. ಉಳಿದ ಹನ್ನೊಂದು ಮಂದಿಯ ಕಣ್ಣುಗಳು ತೆರೆದಿದ್ದವಾದರೂ, ಅವರನ್ನು ಎಚ್ಚರವಾಗಿದ್ದವರೆಂದು ಪರಿಗಣಿಸಲು ಸಾಕಷ್ಟು ಆಧಾರ ದೊರೆತಿರುವುದಿಲ್ಲ.

ಸದರಿ ವಿಷಯವನ್ನು ಬೋಧಿಸುವ ಅಧ್ಯಾಪಕರು ಇಪ್ಪತ್ತೆಂಟು ವರ್ಷಗಳಿಂದ ಇದೇ ವಿಭಾಗದಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ವಿದ್ಯಾರ್ಥಿಗಳು ಇವರನ್ನು ‘ಜೋಗುಳದ ಮೇಷ್ಟ್ರು’ ಎಂದು ಕರೆಯುವುದು ವಾಡಿಕೆ. ಈ ಹೆಸರಿಗೆ ವಿಭಾಗದ ಅನುಮೋದನೆ ಇಲ್ಲ. ಕಳೆದ ವರ್ಷದ ವೇಳಾಪಟ್ಟಿಯಲ್ಲಿ ಇದು ಅಚ್ಚಾಗಿದ್ದುದು ಬೆರಳಚ್ಚುಗಾರರ ಕಣ್ತಪ್ಪು ಮಾತ್ರ. ಹೆಸರು ಬಳಕೆಗೆ ಬಂದು ಮೂರು ವರ್ಷಗಳಾಗಿವೆ. ಅದಕ್ಕೂ ಮೊದಲಿನ ಇಪ್ಪತ್ತೈದು ವರ್ಷ ಅವರಿಗೆ ಯಾವ ಅಡ್ಡಹೆಸರೂ ಇದ್ದ ಬಗ್ಗೆ ದಾಖಲೆ ಇರುವುದಿಲ್ಲ.

ಮೂರು ವರ್ಷಗಳ ಹಿಂದೆ ಪರಿಶೀಲನಾ ಸಮಿತಿಯು ಕೊಠಡಿ 14ರಲ್ಲಿ ಕುಳಿತು ವರದಿ ಬರೆಯುತ್ತಿದ್ದಾಗ, ಅದರ ಹನ್ನೊಂದು ಪುಟಗಳು ಕಿಟಕಿಯಿಂದ ಹೊರಗೆ ಹಾರಿಹೋಗಿದ್ದವು. ಹುಡುಕಿದಾಗ ಒಂಬತ್ತು ಪುಟ ಸಿಕ್ಕವು. ವಿಭಾಗವನ್ನು ಹೊಗಳಿದ ಎರಡು ಪುಟಗಳು ಇಂದಿಗೂ ಸಿಕ್ಕಿಲ್ಲ. ಅಂದಿನಿಂದ ಮುಂಜಾಗ್ರತಾ ಕ್ರಮವಾಗಿ ನಾಲ್ಕೂ ಕಿಟಕಿಗಳಿಗೆ ಮೊಳೆ ಹೊಡೆಯಲಾಗಿದೆ. ಈ ಸಂಗತಿಗೂ ನಿದ್ರೆಗೂ ಸಂಬಂಧವಿದೆ ಎಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

ಆದುದರಿಂದ, ತಮ್ಮ ದನಿಯು ವಿದ್ಯಾರ್ಥಿಗಳನ್ನು ಏಕೆ ಮಲಗಿಸುತ್ತಿದೆ ಎಂಬುದಕ್ಕೆ ಏಳು ದಿನಗಳೊಳಗೆ ವಿವರಣೆ ನೀಡುವಂತೆ ಅಧ್ಯಾಪಕರಿಗೆ ಜ್ಞಾಪನ ನೀಡಲಾಯಿತು. ತಪ್ಪಿದಲ್ಲಿ ಅವರನ್ನು ಪ್ರಯೋಗಾಲಯದ ದಾಸ್ತಾನು ಕೋಣೆಗೆ, ಸೀಸೆಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ನಿಯೋಜಿಸಲಾಗುವುದೆಂದೂ, ಸೀಸೆಗಳು ಮಲಗಿದರೆ ವಿಭಾಗಕ್ಕೆ ಬಾಧಕವಿಲ್ಲವೆಂದೂ ತಿಳಿಸಲಾಯಿತು. ಅವರ ಉತ್ತರ ಹೀಗಿದೆ: “ನನ್ನ ದನಿ ಇರುವುದೇ ಹೀಗೆ. ಬೇರೆ ದನಿ ನನ್ನಲ್ಲಿಲ್ಲ.” ಈ ಉತ್ತರವನ್ನು ಅಪೂರ್ಣವೆಂದು ಹಿಂದಿರುಗಿಸಲಾಯಿತು.

ಆ ವಾರ ಅಧ್ಯಾಪಕರು ಏರುದನಿಯಲ್ಲಿ ಪಾಠ ಮಾಡಿದ್ದು, ಕಲ್ಲುಸಕ್ಕರೆ ಚೀಪಿ ಗಂಟಲು ಸರಿಪಡಿಸಿಕೊಂಡಿದ್ದು, ಹಾಗೂ ಪ್ರತಿ ಕಾಲು ಗಂಟೆಗೊಂದು ನಗೆಹನಿ ಹೇಳಿದ್ದು ವಿಚಾರಣೆಯಿಂದ ತಿಳಿದುಬಂದಿದೆ. ಮೊದಲನೆಯದಕ್ಕೆ ಒಂಬತ್ತು ಮಂದಿ ನಕ್ಕರು. ಎರಡನೆಯದಕ್ಕೆ ನಗಲು ಎಚ್ಚರವಿದ್ದವರಿರಲಿಲ್ಲ. ಆರನೇ ದಿನ ತರಗತಿ ಮುಗಿದ ಮೇಲೆ ಅವರು ಕ್ರಮಸಂಖ್ಯೆ 27ರ ವಿದ್ಯಾರ್ಥಿನಿಯನ್ನು ನಿಲ್ಲಿಸಿ, “ನಿಜ ಹೇಳಮ್ಮ, ನನ್ನ ಪಾಠ ಅಷ್ಟು ಬೇಜಾರಾ?” ಎಂದು ಕೇಳಿರುವುದಾಗಿಯೂ, ಆಕೆ “ನಂಗೆ ಗೊತ್ತಿಲ್ಲ ಸರ್. ಮೊದಲ ಹತ್ತು ನಿಮಿಷ ಮಾತ್ರ ಕೇಳಿದ್ದೀನಿ. ಆ ಹತ್ತು ನಿಮಿಷ ತುಂಬಾ ಚೆನ್ನಾಗಿರತ್ತೆ. ಆಮೇಲೇನಾಗತ್ತೆ ಅಂತ ನೋಡ್ತೀನಿ, ನಾಲ್ಕು ದಿನ ಕೊಡಿ” ಎಂದು ಉತ್ತರಿಸಿರುವುದಾಗಿಯೂ ಹೇಳಿಕೆಯಲ್ಲಿ ನಮೂದಾಗಿದೆ.

ಸದರಿ ವಿದ್ಯಾರ್ಥಿನಿಯು ಪ್ರಯೋಗಾಲಯದಿಂದ ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರನ್ನು ವಹಿಯಲ್ಲಿ ನಮೂದಿಸದೆ ತನ್ನ ಊಟದ ಚೀಲದಲ್ಲಿ ತಂದು, ನಾಲ್ಕು ದಿನ ಬೆಂಚಿನ ಕೆಳಗಿಟ್ಟು, ಐದು ನಿಮಿಷಕ್ಕೊಮ್ಮೆ ಅಳತೆಯನ್ನೂ ಮಲಗಿದವರ ತಲೆಗಳನ್ನೂ ಎಣಿಸಿ ಬರೆದುಕೊಂಡಿರುತ್ತಾರೆ. ತಾನು ಮಲಗದಿರಲು ಮಣಿಕಟ್ಟು ಚಿವುಟಿಕೊಂಡಿದ್ದು, ಅದರ ಕೆಂಪು ಗುರುತುಗಳ ಚಿತ್ರವನ್ನು ಅನುಬಂಧ 2ರಲ್ಲಿ ಲಗತ್ತಿಸಿರುತ್ತಾರೆ. ಹೊರಗಿನ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ 420 ಭಾಗವಿದ್ದರೆ, ಕೊಠಡಿ 14ರಲ್ಲಿ ಮೂರೂಕಾಲಿನ ಹೊತ್ತಿಗೆ 2,860 ಭಾಗವಿತ್ತು. ಅಳತೆ ಏರಿದಂತೆ ತಲೆಗಳು ಇಳಿದಿವೆ. ಆಕೆಯ ಹೇಳಿಕೆಯ ಕೊನೆಯ ಸಾಲು: “ಸರ್ ದನಿಯಲ್ಲಿ ಏನೂ ಇಲ್ಲ. ಗಾಳಿಯಲ್ಲಿದೆ.”

ಪರಿಸರ ವಿಜ್ಞಾನ ವಿಭಾಗವೊಂದರಲ್ಲಿ ಗಾಳಿಯನ್ನು ಅನುಮತಿಯಿಲ್ಲದೆ ಅಳೆದಿರುವುದನ್ನು ಗಂಭೀರವಾಗಿ ಪರಿಗಣಿಸಿ, ಈ ತಿಂಗಳ ಒಂದನೇ ತಾರೀಖಿನಿಂದ ಈ ಕೆಳಕಂಡ ನಿಯಮಗಳನ್ನು ಜಾರಿಗೊಳಿಸಲಾಗಿತ್ತು. ಅವು ಪಾಲನೆಯಾದ ಬಗೆಯನ್ನು ಆಯಾ ನಿಯಮದ ಕೆಳಗೇ ತಿಳಿಸಿ, ಆಮೇಲಿನ ಸಂಗತಿಗಳನ್ನೂ ಸೇರಿಸಿ, ಈಗ ಪರಿಷ್ಕರಿಸಲಾಗಿದೆ.

ನಿಯಮಗಳು:

1. ಸದರಿ ಅನಿಲದ ಮೂಲವನ್ನು ಪತ್ತೆಹಚ್ಚಲಾಗಿದ್ದು, ಅದು ವಿದ್ಯಾರ್ಥಿಗಳೇ ಆಗಿರುತ್ತಾರೆ. ಉಸಿರು ಎಳೆದುಕೊಳ್ಳುವುದಕ್ಕೆ ವಿಭಾಗದ ಆಕ್ಷೇಪಣೆ ಇರುವುದಿಲ್ಲ. ಬಿಡುವುದಕ್ಕೆ ಇರುತ್ತದೆ.

2. ಸಮಸಂಖ್ಯೆಯ ವಿದ್ಯಾರ್ಥಿಗಳು ಸಮನಿಮಿಷಗಳಲ್ಲಿಯೂ, ಬೆಸಸಂಖ್ಯೆಯವರು ಬೆಸನಿಮಿಷಗಳಲ್ಲಿಯೂ ಮಾತ್ರ ಉಸಿರು ಬಿಡತಕ್ಕದ್ದು. ಗಡಿಯಾರ ನಿಂತಲ್ಲಿ, ಅದು ದುರಸ್ತಿಯಾಗುವವರೆಗೆ ಹಿಂದಿನ ನಿಮಿಷವೇ ಮುಂದುವರಿಯುತ್ತದೆ.
ಪಾಲನೆ: ಗಡಿಯಾರವು ಎರಡನೇ ದಿನವೇ ಸಮನಿಮಿಷವೊಂದರಲ್ಲಿ ನಿಂತಿದ್ದು, ಬೆಸಸಂಖ್ಯೆಯವರಿಗೆ ಅನ್ಯಾಯವಾಗಿದೆಯೆಂದು ಮನವಿ ಬಂದಿರುತ್ತದೆ. ಮನವಿ ಪರಿಶೀಲನೆಯಲ್ಲಿದೆ.

3. ನಿಟ್ಟುಸಿರನ್ನು ಎರಡು ಉಸಿರೆಂದು ಲೆಕ್ಕ ಹಿಡಿಯಲಾಗುವುದು. ಆಕಳಿಕೆಗೆ ಪೂರ್ವಾನುಮತಿ ಕಡ್ಡಾಯ. ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಿದ ಮೂರು ಕೆಲಸದ ದಿನಗಳ ನಂತರ ಆಕಳಿಸಬಹುದು. ಅನುಮತಿ ದೊರೆತ ದಿನ ಆಕಳಿಕೆ ಬಾರದಿದ್ದರೆ ಅದನ್ನು ಬೇರೆಯವರಿಗೆ ವರ್ಗಾಯಿಸಲು ಅವಕಾಶವಿರುವುದಿಲ್ಲ.

4. ಹೆಚ್ಚುವರಿ ಅನಿಲವನ್ನು ಹೀರಿಕೊಳ್ಳಲು ಒಂದು ಹೂಕುಂಡವನ್ನು ಸಂಪೂರ್ಣ ತಾತ್ಕಾಲಿಕವಾಗಿ ಕೊಠಡಿ 14ಕ್ಕೆ ನಿಯೋಜಿಸಲಾಗಿದೆ. ಅದರ ಹಾಜರಾತಿಗೆ ಅಟೆಂಡರ್ ಅಮ್ಮನವರು ಸಹಿ ಮಾಡತಕ್ಕದ್ದು.
ಪಾಲನೆ: ನಾಲ್ಕನೇ ದಿನದಿಂದ ಗಿಡವು ಎಲೆಗಳನ್ನು ಕೆಳಗೆ ಬಿಟ್ಟಿದ್ದು, ಅದೂ ತೂಕಡಿಸುತ್ತಿರುವ ಶಂಕೆಯಿದೆ. ಕಾರಣ ಕೇಳಿ ನೋಟಿಸ್ ಅಂಟಿಸಲಾಗಿದೆ. ಅಟೆಂಡರ್ ಅಮ್ಮನವರ ಹೇಳಿಕೆ: “ಅದರ ತಪ್ಪೇನಿಲ್ಲ ಬಿಡಿ. ಬೆಳಗ್ಗೆ ಗುಡಿಸೋಕೆ ಬಾಗಿಲು ತೆಗೆದ್ರೆ ನಂಗೇ ತಲೆ ಸುತ್ತತ್ತೆ. ಮೂರು ವರ್ಷದಿಂದ ಹೇಳ್ತಿದ್ದೀನಿ, ಕಿಟಕಿ ತೆಗೀರಿ ಅಂತ. ಕಸದ ವಿಷಯ ಬಿಟ್ಟು ಬೇರೇನೂ ಮಾತಾಡಬೇಡ ಅಂದ್ರು.” ಈ ಹೇಳಿಕೆಯು ಕಸದ ವಿಷಯಕ್ಕೆ ಸಂಬಂಧಿಸಿಲ್ಲವಾದ್ದರಿಂದ ಪರಿಗಣಿಸಲಾಗಿಲ್ಲ.

5. ಮೀಟರನ್ನು ವಶಪಡಿಸಿಕೊಂಡು ವಿಭಾಗ ಮುಖ್ಯಸ್ಥರ ಕೊಠಡಿಯಲ್ಲಿ ಇರಿಸಲಾಗಿದೆ. ಅಲ್ಲಿ ಸಿಬ್ಬಂದಿ ಸಭೆ ನಡೆಯುವಾಗ ಅದು 3,300 ತೋರಿಸಿದ್ದರಿಂದ, ಮೀಟರು ಕೆಟ್ಟಿದೆಯೆಂದು ಸಭೆಯು ಒಮ್ಮತದಿಂದ ತೀರ್ಮಾನಿಸಿತು. ಒಮ್ಮತ ಸೂಚಿಸಲು ಕೈ ಎತ್ತಿದವರು ಇಬ್ಬರು. ಉಳಿದವರು ಕಣ್ಣು ಮುಚ್ಚಿ ಸಮ್ಮತಿಸಿರುತ್ತಾರೆ.

6. ಕಿಟಕಿ ತೆರೆಯಲು ಅನುಮತಿ ಕೋರಿ ಅಧ್ಯಾಪಕರು ಸಲ್ಲಿಸಿದ ಅರ್ಜಿಯನ್ನು ಕಟ್ಟಡ ಶಾಖೆಗೆ ಕಳುಹಿಸಲಾಯಿತು. ಕಿಟಕಿ ತಮ್ಮದು, ಮೊಳೆ ದಾಸ್ತಾನು ಶಾಖೆಯದು ಎಂದು ಅವರು ತಿಳಿಸಿದರು. ಮೊಳೆ ತಮ್ಮದೇ ಆದರೂ ಈಗ ಅದು ಮರದೊಳಗಿದೆ ಎಂದು ದಾಸ್ತಾನು ಶಾಖೆ ತಿಳಿಸಿತು. ಆದುದರಿಂದ ಕಿಟಕಿಯ ವಿಷಯವನ್ನು ಯಾರೂ ಪ್ರಸ್ತಾಪಿಸತಕ್ಕದ್ದಲ್ಲ.

7. ಒಂಬತ್ತನೇ ತಾರೀಖು ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿಯು ನಿದ್ರೆಯಲ್ಲಿ ಜಾರಿ ಕೆಳಗೆ ಬಿದ್ದು, ಹುಬ್ಬಿನ ಮೇಲೆ ಮೂರು ಹೊಲಿಗೆ ಹಾಕಿಸಿಕೊಳ್ಳಬೇಕಾಯಿತು. ಇನ್ನು ಮುಂದೆ ವಿದ್ಯಾರ್ಥಿಗಳು ಬೆಂಚಿನಿಂದ ಬೀಳುವ ಮುನ್ನ ಎಡಕ್ಕೋ ಬಲಕ್ಕೋ ಎಂಬುದನ್ನು ಲಿಖಿತವಾಗಿ ತಿಳಿಸತಕ್ಕದ್ದು.

8. ಸದರಿ ಘಟನೆಯ ನಂತರ ಅಧ್ಯಾಪಕರು ಪ್ರಯೋಗಾಲಯಕ್ಕೆ ಹೋಗಿ, ಕಲ್ಲಿನ ಮಾದರಿ ಒಡೆಯುವ ಸುತ್ತಿಗೆಯನ್ನು ವಹಿಯಲ್ಲಿ ನಮೂದಿಸಿ, ಸಹಿ ಹಾಕಿ, ತಂದು, ಅದರ ಚೂಪು ತುದಿಯಿಂದ ಎಡಬದಿಯ ಎರಡು ಕಿಟಕಿಗಳ ಮೊಳೆಗಳನ್ನು ಒಂದೊಂದಾಗಿ ಮೀಟಿ ತೆಗೆದಿರುತ್ತಾರೆ. ವಹಿಯಲ್ಲಿ ‘ಉದ್ದೇಶ’ ಎಂಬಲ್ಲಿ ‘ವಾಯು ಮಾಲಿನ್ಯ, ಪ್ರಾಯೋಗಿಕ’ ಎಂದು ಬರೆದಿರುತ್ತಾರೆ. ಇಪ್ಪತ್ತೆಂಟು ವರ್ಷಗಳ ಸೇವೆಯಲ್ಲಿ ಇದು ಅವರ ಮೊದಲ ಶಿಸ್ತು ಉಲ್ಲಂಘನೆ. ಮೊಳೆ ತೆಗೆಯುವಾಗ ಕ್ರಮಸಂಖ್ಯೆ 27ರವರು ಸ್ಟೂಲು ಹಿಡಿದುಕೊಂಡಿದ್ದರು. ಅಟೆಂಡರ್ ಅಮ್ಮನವರು ಬಾಗಿಲಲ್ಲಿ ನಿಂತು, “ನಾನೇನೂ ನೋಡಿಲ್ಲ” ಎಂದು ಮೂರು ಬಾರಿ ಹೇಳಿರುವುದನ್ನು ಹಲವರು ಕೇಳಿರುತ್ತಾರೆ.

9. ಮರುದಿನದಿಂದ ಸದರಿ ತರಗತಿಯಲ್ಲಿ ಅರವತ್ತೆರಡಕ್ಕೆ ಅರವತ್ತೆರಡು ಮಂದಿಯೂ ಎಚ್ಚರವಾಗಿದ್ದು, ಇದರಿಂದ ಅನೇಕ ಆಡಳಿತಾತ್ಮಕ ತೊಂದರೆಗಳು ಉದ್ಭವಿಸಿವೆ. ಅವುಗಳಲ್ಲಿ ಮುಖ್ಯವಾದದ್ದು ಪ್ರಶ್ನೆಗಳು. ಒಂದೇ ದಿನ ಮೂವತ್ತೊಂದು ಪ್ರಶ್ನೆಗಳು ಕೇಳಲ್ಪಟ್ಟಿವೆ. ಚಿಮಣಿಯ ಹೊಗೆ ಮೇಲೆ ಹೋದ ಮೇಲೆ ಎಲ್ಲಿಗೆ ಹೋಗುತ್ತದೆ, ಬಸ್ಸಿನ ಹೊಗೆ ಚಳಿಯ ಬೆಳಗಿನಲ್ಲಿ ನೆಲಕ್ಕಂಟಿ ಏಕೆ ನಿಲ್ಲುತ್ತದೆ, ಒಲೆಯ ಮುಂದೆ ಕೂರುವ ಅಜ್ಜಿಗೆ ಕೆಮ್ಮು ಬರುವುದು ವಯಸ್ಸಿನಿಂದಲೋ ಹೊಗೆಯಿಂದಲೋ, ಇತ್ಯಾದಿ. ಇವುಗಳಲ್ಲಿ ನಾಲ್ಕಕ್ಕೆ ಅಧ್ಯಾಪಕರು, “ಇದು ನಂಗೂ ಗೊತ್ತಿಲ್ಲ. ಮನೇಲಿ ಓದ್ಕೊಂಡು ಬಂದು ನಾಳೆ ಹೇಳ್ತೀನಿ” ಎಂದಿರುತ್ತಾರೆ. ವಿಭಾಗದ ಇತಿಹಾಸದಲ್ಲಿ ಇಂತಹ ಮಾತು ಹಿಂದೆಂದೂ ದಾಖಲಾಗಿಲ್ಲವಾದ್ದರಿಂದ, ಇದು ತಪ್ಪೋ ಸರಿಯೋ ಎಂಬ ಬಗ್ಗೆ ಕುಲಸಚಿವರಿಂದ ಸ್ಪಷ್ಟೀಕರಣ ಕೋರಲಾಗಿದೆ.

10. ಇನ್ನು ಮುಂದೆ ದಿನಕ್ಕೆ ಮೂರು ಪ್ರಶ್ನೆಗಳನ್ನು ಮಾತ್ರ ಕೇಳತಕ್ಕದ್ದು. ಉತ್ತರ ಗೊತ್ತಿರುವ ಪ್ರಶ್ನೆಗಳಿಗೆ ಆದ್ಯತೆ.

11. ತರಗತಿ ಮೂರೂವರೆಗೆ ಮುಗಿಯಬೇಕಿದ್ದು, ನಾಲ್ಕೂಕಾಲಿನವರೆಗೂ ನಡೆಯುತ್ತಿರುವುದು ಕಂಡುಬಂದಿದೆ. ಬೀಗ ಹಾಕಲು ಹೋದ ಅಟೆಂಡರ್ ಅಮ್ಮನವರು ತಾವೂ ಒಳಗೇ ಉಳಿದ ಬಗ್ಗೆ, “ಒಲೆ ಹೊಗೆ ವಿಷಯ ಬಂತು, ಕೂತೆ” ಎಂದು ವಿವರಣೆ ನೀಡಿರುತ್ತಾರೆ. ಇದನ್ನು ಎಚ್ಚರಿಕೆಯೊಂದಿಗೆ ಒಪ್ಪಲಾಗಿದೆ.

12. ಅಧ್ಯಾಪಕರಿಗೆ ನೀಡಿದ್ದ ಜ್ಞಾಪನವನ್ನು ಮರುಪರಿಶೀಲಿಸಲಾಯಿತು. ಮುಖ್ಯಸ್ಥರು ಖುದ್ದಾಗಿ ಕಾರಿಡಾರಿನಲ್ಲಿ ನಿಂತು ಒಂದು ತಾಸು ಪಾಠ ಕೇಳಿದ್ದು, ಸಿಬ್ಬಂದಿ ಸಭೆಗೆ ತಡವಾಗಿ ಬಂದಿರುತ್ತಾರೆ. ಸದರಿ ಅಧ್ಯಾಪಕರ ದನಿಯಲ್ಲಿ ಯಾವುದೇ ದೋಷವಿಲ್ಲವೆಂದೂ, ಹಿಂದೆಯೂ ಇರಲಿಲ್ಲವೆಂದೂ ಈ ಮೂಲಕ ದಾಖಲಿಸಿ, ದಾಸ್ತಾನು ಕೋಣೆಯ ನಿಯೋಜನೆಯನ್ನು ರದ್ದುಪಡಿಸಲಾಗಿದೆ. ಈ ಭಾಗವನ್ನು ಅವರಿಗೆ ಓದಿ ತಿಳಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಇನ್ನೊಂದ್ಸಲ ಓದ್ತೀರಾ?” ಎಂದು ಕೇಳಿದ್ದರಿಂದ ಎರಡನೇ ಬಾರಿ ಓದಲಾಯಿತು. ಮೂರನೇ ಬಾರಿ ಓದಲು ನಿಯಮದಲ್ಲಿ ಅವಕಾಶವಿಲ್ಲದಿದ್ದರೂ ಓದಲಾಯಿತು.

13. ಕ್ರಮಸಂಖ್ಯೆ 27ರ ವಿದ್ಯಾರ್ಥಿನಿಯ ಹದಿನಾರು ಪುಟಗಳನ್ನು ಆಕೆಯ ಪ್ರಾಜೆಕ್ಟ್ ವರದಿಯೆಂದು ಅಂಗೀಕರಿಸಲಾಗಿದೆ. ವಹಿಯಲ್ಲಿ ನಮೂದಿಸದೆ ಮೀಟರು ಒಯ್ದುದಕ್ಕೆ ಒಂದು ಅಂಕವನ್ನು ಕಡಿತಗೊಳಿಸಿ, ಅಳತೆಗಳು ನಿಖರವಾಗಿದ್ದುದಕ್ಕೆ ಅದನ್ನು ಹಿಂದಿರುಗಿಸಲಾಗಿದೆ.

14. ಇಷ್ಟಾಗಿಯೂ, ಆದೇಶವು ಆದೇಶವೇ ಆದ್ದರಿಂದ, ಸದರಿ ಎರಡು ಕಿಟಕಿಗಳಿಗೆ ಮತ್ತೆ ಮೊಳೆ ಹೊಡೆಯಲು ಹದಿನೇಳನೇ ತಾರೀಖು ಕಟ್ಟಡ ಶಾಖೆಯ ಬಡಗಿಯನ್ನು ಕಳುಹಿಸಲಾಗಿದೆ. ಬಡಗಿಯು ಸುತ್ತಿಗೆ ಹಾಗೂ ಮೊಳೆಗಳೊಂದಿಗೆ ಎರಡೂ ಮುಕ್ಕಾಲಿಗೆ ಕೊಠಡಿ ಪ್ರವೇಶಿಸಿದ್ದು, ಆಗ ಮರದ ಪುಡಿಯ ಧೂಳು ಶ್ವಾಸಕೋಶದಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬ ಪಾಠ ನಡೆಯುತ್ತಿತ್ತು. ಅಂದು ಮೊಳೆ ಹೊಡೆದಿಲ್ಲ. ಹದಿನೆಂಟರಂದೂ ಇಲ್ಲ. ಇಪ್ಪತ್ತೆರಡರಂದು ಕಾರಣ ಕೇಳಿದಾಗ ಬಡಗಿಯು ನೀಡಿದ ಉತ್ತರ: “ಪಾಠ ನಡೀತಿರೋವಾಗ ಟಕಟಕ ಸದ್ದು ಮಾಡೋದು ಸರಿಯಲ್ಲ ಅಂತ ಕೂತೆ ಸ್ವಾಮಿ. ಮುಗಿದ ತಕ್ಷಣ ಹೊಡೀತೀನಿ. ಅದಿನ್ನೂ ಮುಗಿದಿಲ್ಲ.” ಪಠ್ಯಕ್ರಮವನ್ನು ಪರಿಶೀಲಿಸಲಾಗಿ, ಪಾಠವು ಸೆಮಿಸ್ಟರಿನ ಕೊನೆಗೆ ಮುಗಿಯುವುದೆಂದೂ, ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಆರಂಭವಾಗುವುದೆಂದೂ ತಿಳಿದುಬಂದಿದೆ. ಬಡಗಿಗೆ ಅಲ್ಲಿಯವರೆಗೆ ಸಮಯಾವಕಾಶ ನೀಡಲಾಗಿದೆ.

ಮೇಲಿನದನ್ನು ಸಂಬಂಧಪಟ್ಟವರೆಲ್ಲರೂ ಓದಿ, ಎಚ್ಚರವಿರುವಾಗಲೇ ಸಹಿ ಹಾಕತಕ್ಕದ್ದು.

ಸಹಿ/-
ವಿಭಾಗ ಮುಖ್ಯಸ್ಥರು
(ಕಾರಿಡಾರಿನಲ್ಲಿರುವುದರಿಂದ, ಅವರ ಪರವಾಗಿ ಕಛೇರಿ ಅಧೀಕ್ಷಕರು)

ಪ್ರತಿಗಳು:
1. ಕುಲಸಚಿವರಿಗೆ, ಸ್ಪಷ್ಟೀಕರಣದ ನಿರೀಕ್ಷೆಯಲ್ಲಿ.
2. ಕಟ್ಟಡ ಶಾಖೆಗೆ, ಕಿಟಕಿಯ ಮಟ್ಟಿಗೆ.
3. ದಾಸ್ತಾನು ಶಾಖೆಗೆ, ಮೊಳೆಯ ಮಟ್ಟಿಗೆ.
4. ಅಟೆಂಡರ್ ಅಮ್ಮನವರಿಗೆ, ಏನೂ ನೋಡಿಲ್ಲದ ಕಾರಣ ಓದಿ ಹೇಳುವುದು.
5. ಹೂಕುಂಡಕ್ಕೆ, ನೋಟಿಸ್ ಹಿಂಪಡೆದ ಬಗ್ಗೆ. ಎರಡು ಹೊಸ ಎಲೆ ಬಂದಿರುವುದನ್ನು ಸೇವಾ ಪುಸ್ತಕದಲ್ಲಿ ನಮೂದಿಸಲಾಗಿದೆ.
6. ಕಛೇರಿ ಕಡತಕ್ಕೆ.
7. ಬಡಗಿಯವರಿಗೆ: ಕೊಠಡಿ 14, ಮೂರನೇ ಬೆಂಚು, ಕಿಟಕಿ ಪಕ್ಕ.